ನಡುವಿನ ರೊಟ್ಟಿ

ಜೋಳದ ರೊಟ್ಟಿ ಒಣಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಕಿವಿಗೆ ತಿಳಿಯುತ್ತದೆ. ಗಂಟು ಕಟ್ಟುವ ಮೊದಲು, ಒಂದರ ಮೇಲೊಂದು ಪೇರಿಸಿದ ಅಟ್ಟಿಯ ನಡುವಿನಿಂದ ಒಂದು ರೊಟ್ಟಿ ಎಳೆದು, ಕಿವಿಯ ಹತ್ತಿರ ಹಿಡಿದು ಮುರಿಯಬೇಕು. ಕಟ್ ಎಂದರೆ ಒಣಗಿದೆ. ಸದ್ದಿಲ್ಲದೆ ಬಾಗಿದರೆ ಒಳಗೆ ಇನ್ನೂ ನೀರಿದೆ. ಮೇಲಿನ ರೊಟ್ಟಿ ಮುರಿದು ನೋಡಿ ಉಪಯೋಗವಿಲ್ಲ, ಅದಕ್ಕೆ ಗಾಳಿ ತಾಗಿರುತ್ತದೆ. ತಳದ್ದಕ್ಕೂ ಬುಟ್ಟಿಯ ಸಂದಿಯಿಂದ ಗಾಳಿ ಹೋಗಿರುತ್ತದೆ. ನಿಜ ಹೇಳುವುದು ನಡುವಿನದು ಮಾತ್ರ. ಇದನ್ನು ನನಗೆ ನನ್ನ ಅತ್ತೆ ಬೈದು ಬೈದು ಕಲಿಸಿದಳು. ಒಂದು ಸಲ ನಾನು ಮುರಿದು ನೋಡಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ. ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಕಾಲುವೆ ಬಂದ ಹೊಸತು. ದೊಡ್ಡ ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಅದರಿಂದ ಹೊಲಗಳಿಗೆ ಒಡೆಯುವ ಮರಿಕಾಲುವೆಗಳ ಕೆಲಸ ಮಾತ್ರ ಇನ್ನೂ ನಡೆದಿತ್ತು. ನಮ್ಮ ಊರು ಶಹಾಪುರದ ಕಡೆ, ಸಗರದ ಆಚೆ. ನಮ್ಮೂರಿನ ಹನ್ನೆರಡು ಗಂಡಸರು ಒಬ್ಬ ಮೇಸ್ತ್ರಿಯ ಕೈಕೆಳಗೆ ಸುರಪುರದ ಕಡೆಯ ಒಂದು ಮರಿಕಾಲುವೆಗೆ ಕಲ್ಲು ಕಟ್ಟಲು ಹೋಗುತ್ತಿದ್ದರು. ಬೆಳಿಗ್ಗೆ ಹೊರಟರೆ ಸಂಜೆಗೆ ಊರು ಮುಟ್ಟುವಷ್ಟು ನಡಿಗೆ. ಹಾಗಾಗಿ ವಾರವಿಡೀ ಅಲ್ಲೇ ಗುಡಿಸಲು ಹಾಕಿಕೊಂಡು ಇದ್ದು, ಸೋಮವಾರ ಬಂದು, ಮಂಗಳವಾರ ಟ್ರ್ಯಾಕ್ಟರ್ ಹತ್ತಿ ಹೋಗುತ್ತಿದ್ದರು. ಆ ಹನ್ನೆರಡು ಮಂದಿಯ ವಾರದ ರೊಟ್ಟಿ ನನ್ನ ಮನೆಯಿಂದ ಹೋಗುತ್ತಿತ್ತು. ನಾನೂರರ ಮೇಲೆ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಉಳ್ಳಾಗಡ್ಡಿ.

ಬಡಿಯುವವರು ಮೂರೇ ಮಂದಿ. ನಾನು, ಎದುರು ಮನೆಯವಳು, ಅವಳ ಅತ್ತೆ. ಎದುರು ಮನೆಯವಳ ಗಂಡನೂ ಆ ಹನ್ನೆರಡು ಮಂದಿಯಲ್ಲಿ ಒಬ್ಬ. ಅವಳ ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ.

ಒಂದೇ ದಿನಕ್ಕೆ ತಿನ್ನುವ ರೊಟ್ಟಿ ಬೇರೆ, ವಾರಕ್ಕೆ ಇಡುವ ರೊಟ್ಟಿ ಬೇರೆ. ಹಿಟ್ಟು ಆವತ್ತೇ ಬೀಸಿದ್ದಿರಬೇಕು. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ನೀರು ಹಾಕಿ, ಆರುವುದರೊಳಗೆ ನಾದಬೇಕು. ಅಂಗೈ ಸುಡುತ್ತದೆ, ಸುಟ್ಟರೆ ಸುಡಲಿ. ಆರಿದ ಮೇಲೆ ನಾದಿದ ಹಿಟ್ಟು ಅಂಚಿನಲ್ಲಿ ಒಡೆಯುತ್ತದೆ. ಬಡಿದು ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ. ಉಬ್ಬಿದ್ದು ನೋಡಿ ಹೊಸದಾಗಿ ಕಲಿತವರು ಹಿಗ್ಗುತ್ತಾರೆ. ಇಡುವ ರೊಟ್ಟಿಗೆ ಆ ಉಬ್ಬೇ ವೈರಿ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಹಬೆ ಕುಳಿತಿರುತ್ತದೆ. ಆರಿದಾಗ ಅದೇ ನೀರಾಗುತ್ತದೆ. ಅದಕ್ಕೇ ಅಂಚಿನಲ್ಲಿ ಉಗುರಿನಿಂದ ಚುಚ್ಚಿ ಹಬೆ ಬಿಡಬೇಕು, ಅರಿವೆಯಿಂದ ಒತ್ತಿ ಹಿಡಿಯಬೇಕು, ಆಮೇಲೆ ಒಲೆಯ ಬಾಯಿಗೆ ಸುತ್ತಲೂ ನಿಲ್ಲಿಸಿ ಕೆಂಡದ ಕಾವು ಕೊಡಬೇಕು. ಅಲ್ಲಿಂದ ತೆಗೆದು ನೆರಳಿನಲ್ಲಿ ಅರಿವೆಯ ಮೇಲೆ ಒಂದು ಹಗಲು ಹರಡಬೇಕು. ಬಿಸಿಲಿಗೆ ಹಾಕಿದರೆ ಕಿವಿಯಂತೆ ಮುರುಟಿಕೊಳ್ಳುತ್ತದೆ, ಗಂಟಿನಲ್ಲಿ ಕೂರುವುದಿಲ್ಲ.

ಆ ವಾರ ಶ್ರಾವಣದ ಜಿಟಿಜಿಟಿ ಹಿಡಿಯಿತು. ಮೊದಲ ದಿನದ ರೊಟ್ಟಿ ಸರಿಯಾಗಿಯೇ ಒಣಗಿದ್ದವು. ಎರಡು ಗಂಟು ಕಟ್ಟಿಟ್ಟೆವು. ಎರಡನೇ ದಿನ ಮಧ್ಯಾಹ್ನದಿಂದ ಸೂರ್ಯ ಕಾಣಲಿಲ್ಲ. ಗೋಡೆ ಮುಟ್ಟಿದರೆ ತಣ್ಣಗೆ, ನೆಲ ತಣ್ಣಗೆ, ಕಟ್ಟಿಗೆ ಹಸಿ. ಒಲೆ ಉರಿಯುವುದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ನಿಲ್ಲಿಸಿದ ರೊಟ್ಟಿ ಹೊಗೆಗೆ ಕಂದಿದವು, ಗಟ್ಟಿಯಾಗಲಿಲ್ಲ. ಹರಡಿದ ಅರಿವೆಯೇ ತೇವವಾಗಿತ್ತು.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಒಂದು ಪ್ಲಾಸ್ಟಿಕ್ ಹಾಳೆ ತಂದು ಕೊಟ್ಟ. ಕಾಲುವೆ ಕೆಲಸದಲ್ಲಿ ಸಿಮೆಂಟಿಗೆ ಹೊದಿಸುವ ದಪ್ಪ ಹಾಳೆ. ನಮ್ಮೂರು ಅಂಥದ್ದನ್ನು ಕಂಡದ್ದು ಕಾಲುವೆ ಬಂದ ಮೇಲೆಯೇ.

“ಅಕ್ಕಾ, ದಾರಿಯಾಗ ಮಳಿ ಬರ್ತದ. ಉಳದ ರೊಟ್ಟಿ ಇದ್ರಾಗ ಸುತ್ತು, ಒಂದ್ ಹನಿ ನೀರ್ ಹೋಗಂಗಿಲ್ಲ.”

ನೀರು ಒಳಗೆ ಹೋಗುವುದಿಲ್ಲ ಎಂಬುದಷ್ಟೇ ಅವನ ತಲೆಯಲ್ಲಿತ್ತು, ನನ್ನ ತಲೆಯಲ್ಲೂ. ಒಳಗಿನ ನೀರು ಹೊರಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅರಿವೆಯ ಗಂಟು ಉಸಿರಾಡುತ್ತದೆ, ಹಾಳೆ ಉಸಿರಾಡುವುದಿಲ್ಲ.

ಎದುರು ಮನೆಯವಳು ಅಟ್ಟಿಯ ಮೇಲೆ ಅಂಗೈ ಇಟ್ಟು ನೋಡಿದಳು.

“ಅಕ್ಕ, ಇವು ಇನ್ನಾ ಮೆತ್ತಗ ಅವ ಅನಸ್ತದ. ಒಂದಿನ ಬಿಡಮ್.”

“ಒಂದಿನ ಬಿಟ್ರ ಅಲ್ಲಿ ಹನ್ನೆರಡ್ ಮಂದಿ ಏನ್ ತಿಂತಾರ? ನಿನ್ ತಲಿ ತಿಂತಾರ?” ಎಂದೆ.

ಅವಳ ಅತ್ತೆ ಒಲೆಯ ಮುಂದಿನಿಂದಲೇ ನಕ್ಕಳು. “ನನ್ ಮಗ ಮಣ್ಣ ತಿಂದ್ರೂ ಅರಗಿಸ್ಕೊಂತಾನ. ಕಟ್ರಿ, ಕಟ್ರಿ.”

ಅಷ್ಟರಲ್ಲಿ ಅವಳ ಕೂಸು ಅತ್ತಿತು. “ನೀ ಹೋಗಿ ಕೂಸಿಗಿ ಹಾಲ್ ಕುಡಸು. ನಾ ಮುರದ್ ನೋಡಿ ಕಟ್ತೀನಿ,” ಎಂದೆ. ಅವಳು ಹೋದಳು. ಹೊರಗೆ ಟ್ರ್ಯಾಕ್ಟರ್ ಒದರುತ್ತಿತ್ತು. ನಡುವಿನ ರೊಟ್ಟಿ ಎಳೆಯಲು ಕೈ ಹಾಕಿದೆ. ಎಳೆದರೆ, ಅದು ಬಾಗಿದರೆ, ಗಂಟು ಕಟ್ಟುವಂತಿಲ್ಲ. ಕೈ ಹಿಂದೆ ತೆಗೆದುಕೊಂಡೆ. ಇದರಲ್ಲಿ ಮರೆವು ಇಲ್ಲ. ಮರೆತೆ ಎಂದು ಹೇಳಿಕೊಂಡು ಎಷ್ಟೋ ವರ್ಷ ಬಾಳಬಹುದಿತ್ತು, ಆದರೆ ಕೈ ಹಿಂದೆ ತೆಗೆದದ್ದು ನೆನಪಿದೆ.

ಹಾಳೆಯನ್ನು ಎರಡು ತುಂಡು ಮಾಡಿ ಎರಡು ಗಂಟು ಸುತ್ತಿ, ಹಳೆಯ ಸೀರೆಯ ಹಸಿರು ಅಂಚು ಹರಿದು ಬಿಗಿದೆ. ನನ್ನ ಗಂಟು ಎಲ್ಲರಂತಲ್ಲ. ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸುತ್ತೇನೆ. ಬೇರೆಯವರಿಗೆ ಬಿಚ್ಚಲು ಬರುವುದಿಲ್ಲ.

ಮೇಸ್ತ್ರಿ ಗಂಟು ಎತ್ತುತ್ತಾ ಕೇಳಿದ. “ಮುರದ್ ನೋಡಿದಿ ಅಲಾ ಅಕ್ಕಾ?”

“ನೋಡೀನಿ, ನೋಡೀನಿ. ಹೊಂಡು.”

ಶುಕ್ರವಾರ ಮಧ್ಯಾಹ್ನ ಬಿಸಿಲು ಬಿದ್ದಿತ್ತು. ನಮ್ಮೂರಿನ ಹತ್ತಿರ ಕಾಲುವೆಗೆ ಒಂದು ಗೇಟು ಇದೆ. ಗೇಟಿನ ಮುಂದೆ ಕಸ ತಡೆಯಲು ಕಬ್ಬಿಣದ ಸಲಾಕೆಗಳ ಜಾಲರಿ. ನಾನು ಅರಿವೆ ಒಗೆಯಲು ಹೋಗಿದ್ದೆ. ಇನ್ನಿಬ್ಬರು ಹೆಂಗಸರು ಇದ್ದರು. ಒಬ್ಬಳು ಒಗೆಯುತ್ತಿದ್ದಳು, ಇನ್ನೊಬ್ಬಳು ಹುಲ್ಲು ಕೊಯ್ಯಲು ಬಂದವಳು ಕಾಲು ತೊಳೆಯುತ್ತಿದ್ದಳು. ಮೇಲಿನಿಂದ ಏನೋ ತೇಲಿಕೊಂಡು ಬಂದು ಜಾಲರಿಗೆ ತಾಗಿ ನಿಂತಿತು. ಹೊಳೆಯುತ್ತಿತ್ತು.

“ಏ, ಗಂಟ್ ಬಂತ್ ನೋಡ್ರಿ! ಯಾರ್ದೋ ಸೀರಿ ಗಂಟ್ ಇರಬೇಕ್. ತಡಿ, ಬಂಗಾರ ಇದ್ರ ನಂಗ ಅರ್ಧಾ!” ಎಂದಳು ಒಗೆಯುತ್ತಿದ್ದವಳು.

ಕೋಲಿನಿಂದ ಎಳೆದರು. ಬಿಚ್ಚಲು ನೋಡಿದರು, ಬರಲಿಲ್ಲ. ಹುಲ್ಲಿನವಳು ಕುಡುಗೋಲಿನಿಂದ ಹಾಳೆಯ ಪಕ್ಕ ಸೀಳಿದಳು. ವಾಸನೆ ಮೊದಲು ಬಂತು. ಆಮೇಲೆ ರೊಟ್ಟಿ. ಒಂದಕ್ಕೊಂದು ಅಂಟಿ, ನಡುವೆಲ್ಲಾ ಹಸಿರು ಬೂಷ್ಟು.

“ಥೂ! ಗಡ್ಡ ಬಂದದ ಇವಕ್ಕ!”

“ಯಾವ ಪುಣ್ಯಾತ್ಗಿತ್ತಿ ಮಾಡ್ಯಾಳೋ. ಗಂಡಗ ಉಣಸಾಕ ಮಾಡ್ಯಾಳೋ, ಕೊಲ್ಲಾಕ ಮಾಡ್ಯಾಳೋ!”

ಇಬ್ಬರೂ ನಕ್ಕರು. ನಾನೂ ನಕ್ಕೆ. ಹಸಿರು ಅಂಚಿನ ಗಂಟು, ತುದಿ ಒಳಗೆ ಸಿಕ್ಕಿಸಿದ್ದು, ನನ್ನ ಕಣ್ಣ ಮುಂದೆಯೇ ಇತ್ತು.

“ಮ್ಯಾಲಿನ ಊರಾಕಿ ಇರಬೇಕು,” ಎಂದೆ. “ಕೊಡ್ರಿ ಇಲ್ಲಿ, ತಿಪ್ಪಿಗಿ ಹಾಕ್ತೀನಿ. ನೀರಾಗ ಬಿಟ್ರ ಗೇಟಿಗಿ ಸಿಗತದ.”

ಒದ್ದೆ ಅರಿವೆಗಳ ನಡುವೆ ಮುಚ್ಚಿಕೊಂಡು ಮನೆಗೆ ತಂದು ತಿಪ್ಪೆಯಲ್ಲಿ ಮೊಳಕೈ ಆಳ ತೋಡಿ ಹೂತೆ. ಸಿಟ್ಟಿಗೆದ್ದು ಎಸೆದಿದ್ದಾರೆ ಎಂದುಕೊಂಡೆ. ಸೋಮವಾರ ಬಂದು ಬೈಯುತ್ತಾರೆ, ಬೈಸಿಕೊಳ್ಳೋಣ ಎಂದುಕೊಂಡೆ. ಆದರೆ ತಿಪ್ಪೆಯ ಮುಂದೆ ನಿಂತಾಗಲೇ ಒಂದು ಮಾತು ಮುಳ್ಳಿನಂತೆ ಚುಚ್ಚಿತ್ತು. ಆ ಕಾಲದಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಎಸೆಯುತ್ತಿರಲಿಲ್ಲ. ರೊಟ್ಟಿ ಚೆಲ್ಲಿದರೂ ಹಾಳೆ ಇಟ್ಟುಕೊಳ್ಳುತ್ತಿದ್ದರು, ಮಳೆಗಾಲ, ಸೋರುವ ಗುಡಿಸಲು. ಹಾಳೆ ಸಮೇತ ಗಂಟು ನೀರಿಗೆ ಬಿದ್ದಿದೆ ಎಂದರೆ ಅದನ್ನು ಎಸೆದಿಲ್ಲ. ಅದು ಯಾರದೋ ಕೈಯಿಂದ ಜಾರಿದೆ.

ಇಷ್ಟು ತಿಳಿದೂ ಕೈ ತೊಳೆದುಕೊಂಡು ಒಳಗೆ ಹೋದೆ. ಎದುರು ಮನೆಯವಳು ಮುಂದಿನ ವಾರದ ಜೋಳ ಹಸನು ಮಾಡುತ್ತಾ ಕೂತಿದ್ದಳು.

“ಎಲ್ಲಿಗ್ ಹೋಗಿದ್ದಿ ಅಕ್ಕ?”

“ಕಾಲುವಿಗಿ.”

“ಅವ್ರು ಸೋಮಾರ ಬರ್ತಾರ ಅಲಾ?”

“ಹೂಂ,” ಎಂದೆ.

ಭಾನುವಾರ ಬೆಳಿಗ್ಗೆ ಗೇಟು ನೋಡಿಕೊಳ್ಳುವವನು ಊರೊಳಗೆ ಓಡಿ ಬಂದ. ಜಾಲರಿಗೆ ಒಂದು ಹೆಣ ಬಂದು ನಿಂತಿತ್ತು. ಗಂಟು ನಿಂತಿದ್ದ ಜಾಗದಲ್ಲೇ. ಎದುರು ಮನೆಯವಳ ಗಂಡ.

ಕೆಲಸದ ಜಾಗದಲ್ಲಿದ್ದವರು ಅವನು ಊರು ಸೇರಿದ್ದಾನೆ ಎಂದು ತಿಳಿದಿದ್ದರು. ಊರಿನವರು ಅವನು ಕೆಲಸದ ಮೇಲಿದ್ದಾನೆ ಎಂದು ತಿಳಿದಿದ್ದರು. ನಡುದಾರಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂಬ ಸುಳಿವು ಸಿಕ್ಕಿದ್ದು ನನಗೊಬ್ಬಳಿಗೇ. ಶುಕ್ರವಾರವೇ ಕೂಗಿದ್ದರೆ ಬದುಕುತ್ತಿದ್ದನೇ? ಇಲ್ಲ ಎನ್ನುತ್ತಾರೆ ತಿಳಿದವರು. ಹೊಸ ಸಿಮೆಂಟಿನ ಇಳಿಜಾರು, ಅದರ ಮೇಲೆ ರಾಡಿ, ಬಿದ್ದವನಿಗೆ ಉಗುರು ಊರಲು ಸಂದಿ ಇರುವುದಿಲ್ಲ. ಇರಬಹುದು. ಆದರೆ ಎರಡು ದಿನ ನೀರಿನಲ್ಲಿ ಇರುತ್ತಿರಲಿಲ್ಲ. ಅವನ ತಾಯಿ ಮುಖ ಗುರುತು ಹಿಡಿಯುತ್ತಿದ್ದಳು. ಅವಳು ಹಿಡಿದದ್ದು ನಡುವಿನ ಉಡದಾರದ ಗುರುತು.

ಅದೇ ದಿನ ಮಣ್ಣು ಮಾಡಿದೆವು. ಗಂಡಸರೆಲ್ಲ ಬಂದರು. ಸಂಜೆ ಮೇಸ್ತ್ರಿ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಟವೆಲ್ಲಿನಿಂದ ಮುಖ ಒರೆಸಿದ್ದೇ ಒರೆಸಿದ್ದು.

“ಅಕ್ಕಾ, ಆ ರೊಟ್ಟಿ ಬೂಷ್ಟ್ ಹಿಡದಿದ್ವು. ಒಂದ್ ಗಂಟ್ ಕೊಯ್ದು ಅಲ್ಲೇ ಚೆಲ್ಲಿದ್ವಿ. ಇನ್ನೊಂದೂ ಹಂಗೇ ವಾಸನಿ ಬಂತು. ನಾವೆಲ್ಲಾ ಅವನ್ನ ಚಾಷ್ಟಿ ಮಾಡಿದ್ವಿ. ನಿನ್ ಹೆಂಡ್ತಿ ಕೈಗುಣ ನೋಡು, ನೀನ ಹೋಗಿ ಬ್ಯಾರೆ ತಗೊಂಡ್ ಬಾ ಅಂದೆ. ಶುಕ್ರವಾರ ನಸುಕಿನ್ಯಾಗ ಬಿಚ್ಚಲಾರದ ಗಂಟು ಹೊತ್ಕೊಂಡೇ ಕಾಲುವಿ ದಂಡಿ ಹಿಡದು ಹೋದ. ತೋರಸಲಿಲ್ಲಂದ್ರ ನಂಬಂಗಿಲ್ಲ ಆಕಿ ಅಂದ.”

“ಆಕಿ ಮಾಡಿದ್ದು ಅಂತ ಯಾರ್ ಹೇಳಿದ್ರು?”

“ಮತ್ಯಾರು? ನೀ ಮುರದ್ ನೋಡೀನಿ ಅಂದಿದ್ದಿ. ನಿಂದು ಕೆಡಂಗಿಲ್ಲ. ಆಕೀದೇ ಹಸಿ ಇರಬೇಕು.” ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೇಳಿದ. “ಮಂದಿ ಅಂದ್ಬಿಟ್ಟಾರ ಅಕ್ಕಾ. ಹೆಂಡ್ತಿ ರೊಟ್ಟಿನೇ ಅವನ್ನ ಕರ್ಕೊಂಡ್ ಹೋತು ಅಂತ. ಮುದುಕಿ ಕಿವಿಗೂ ಬಿದ್ದದ.”

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಎದುರಿನ ಮನೆಯಿಂದಲೇ ರೊಟ್ಟಿ ಹೋಗಬೇಕು. ಒಯ್ದೆ. ಸೊಸೆ ಒಂದು ಮೂಲೆಯಲ್ಲಿ, ಅತ್ತೆ ಇನ್ನೊಂದು ಮೂಲೆಯಲ್ಲಿ. ಮುದುಕಿ ನನ್ನ ಕೈಯಿಂದ ರೊಟ್ಟಿ ತೆಗೆದುಕೊಂಡು ಸೊಸೆಯ ಕಡೆ ಮುಖವನ್ನೂ ತಿರುಗಿಸದೆ ಹೇಳಿದಳು.

“ನಾಳಿನ ಎಡಿ ರೊಟ್ಟಿನೂ ನೀನ ಮಾಡು ಯವ್ವಾ. ಅವನಿಗಿ ಕಡಕ್ ರೊಟ್ಟಿ ಅಂದ್ರ ಜೀವ. ಈಕಿ ಕೈ ರೊಟ್ಟಿ ನನ್ ಮಗಗ ಸಾಕಾಗ್ಯದ. ಕರ್ಮ ಮುಗಿಲಿ, ಕೂಸಿನ್ನ ಕಟ್ಕೊಂಡು ತವರ್ಮನಿಗಿ ನಡೀಲಿ.”

ಸೊಸೆ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ತಾನು ಬಡಿದ ಯಾವ ರೊಟ್ಟಿ ಹಸಿಯಿತ್ತು, ಯಾವುದಕ್ಕೆ ಉಗುರಿನಿಂದ ಚುಚ್ಚಲಿಲ್ಲ ಎಂದು ಒಂದೊಂದನ್ನೇ ನೆನೆಯುತ್ತಿದ್ದಳೋ ಏನೋ. ಅವಳಿಗೆ ತವರಿನಲ್ಲಿ ಅಣ್ಣನೊಬ್ಬನೇ. ಅವನ ಮನೆಯಲ್ಲಿ ಅವಳಿಗೆ ಹೊಸ್ತಿಲ ಹೊರಗಿನ ಜಾಗ ಸಿಕ್ಕರೆ ಹೆಚ್ಚು. ಇದು ಊರಿಗೇ ಗೊತ್ತಿತ್ತು.

ಎಡೆಯ ರೊಟ್ಟಿ ಐದು ಮಾಡಿದೆ. ಅಷ್ಟು ನಿಧಾನವಾಗಿ ಎಂದೂ ಮಾಡಿರಲಿಲ್ಲ. ಒಣ ಕಟ್ಟಿಗೆ, ಸಣ್ಣ ಉರಿ. ಪ್ರತಿಯೊಂದಕ್ಕೂ ಹಬೆ ಬಿಟ್ಟೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ಉಸ್ ಎಂದು ಉಸಿರು ಬಿಟ್ಟಿತು. ನೀರಿನಲ್ಲಿ ಮುಳುಗಿದವನ ಕೊನೆಯ ಉಸಿರು ಹೀಗೇ ಇರಬಹುದೇ ಎನಿಸಿತು. ಅಂದಿನಿಂದ ಇಂದಿನವರೆಗೂ ಹಾಗೇ ಎನಿಸುತ್ತದೆ. ದೆವ್ವ ಎಂದು ನಾನು ಹೇಳುವುದಿಲ್ಲ. ಹಬೆ. ಆದರೆ ದಿನಕ್ಕೆ ಎಷ್ಟು ರೊಟ್ಟಿ ಮಾಡುತ್ತೇನೋ ಅಷ್ಟು ಸಲ ಕೇಳಿಸುತ್ತದೆ.

ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಗಂಟು ತಿಪ್ಪೆಯಲ್ಲಿತ್ತು. ಗೇಟಿನ ಹೆಂಗಸರು ಮೇಲಿನ ಊರಿನದು ಎಂದು ನಂಬಿದ್ದರು. ಮೇಸ್ತ್ರಿ ನನ್ನ ಮಾತು ನಂಬಿದ್ದ. ಒಬ್ಬ ಹೆಂಗಸು ಕೂಸು ಎತ್ತಿಕೊಂಡು ಊರು ಬಿಟ್ಟು ಹೋದರೆ ಎಲ್ಲ ಮುಗಿಯುತ್ತಿತ್ತು. ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಮಣ್ಣು ಮಾಡಿದ ಜಾಗಕ್ಕೆ ಹೋಗುವವರೆಗೂ ಹೇಳಬೇಕೆಂದು ನಿಶ್ಚಯ ಮಾಡಿರಲಿಲ್ಲ. ಇದ್ದದ್ದನ್ನೇ ಬರೆಯುತ್ತೇನೆ, ನಾನೇನು ದೊಡ್ಡ ಮನಸ್ಸಿನವಳಲ್ಲ.

ಅಲ್ಲಿ ಮುದುಕಿ ನನ್ನ ಮುಂದೆ ಕೈ ಚಾಚಿದಳು. “ತಾ ಯವ್ವಾ. ನಿನ್ ಕೈ ರೊಟ್ಟಿ ಇಡ್ತೀನಿ. ನಿನ್ ಕೈ ಸುದ್ದ ಅದ.”

ಕೊಡಲು ಆಗಲಿಲ್ಲ.

“ಸುದ್ದ ಇಲ್ಲ,” ಎಂದೆ. “ಆ ಗಂಟು ನಾ ಕಟ್ಟಿದ್ದು. ರೊಟ್ಟಿ ಮೆತ್ತಗ ಅವ ಅಂತ ನಿನ್ ಸೊಸಿ ಹೇಳಿದ್ಳು. ನಾ ಮುರದ್ ನೋಡ್ತೀನಿ ಅಂತ ಆಕೀನ್ನ ಕಳಿಸಿ, ನೋಡಲಾರದ ಕಟ್ಟಿದೆ. ನೋಡೀನಿ ಅಂತ ಮೇಸ್ತ್ರಿಗಿ ಸುಳ್ಳ ಹೇಳಿದೆ. ಶುಕ್ರವಾರ ಆ ಗಂಟು ತೇಲಿ ಬಂತು. ನಂದೇ ಅಂತ ಗುರ್ತ ಹಿಡದು ತಿಪ್ಪಿಯಾಗ ಹುಗದೀನಿ. ಯಾರಿಗೂ ಹೇಳಲಿಲ್ಲ. ಈಕೀದ್ ಇದ್ರಾಗ ಏನೂ ಇಲ್ಲ.”

ಹನ್ನೊಂದು ಗಂಡಸರು, ಮೇಸ್ತ್ರಿ, ಊರ ಹೆಂಗಸರು, ಎಲ್ಲರೂ ಕೇಳಿಸಿಕೊಂಡರು. ಮುದುಕಿ ಮಗನ ಮೇಲಿನ ಹಸಿಮಣ್ಣನ್ನು ಮುಷ್ಟಿಯಲ್ಲಿ ತೆಗೆದು ನನ್ನ ಮುಖಕ್ಕೆ ಎರಚಿದಳು. ಬಾಯಿಗೂ ಹೋಯಿತು. ಒರೆಸಿಕೊಳ್ಳಲಿಲ್ಲ. ಕಟ್ರಿ, ಕಟ್ರಿ ಎಂದು ಅವಳೂ ಅಂದಿದ್ದಳು. ಅದನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎರಡನೇ ಮುಷ್ಟಿ ತುಂಬಿಕೊಂಡವಳ ಕೈ ಅಲ್ಲೇ ನಿಂತಿತು. ಬೆರಳಿನ ಸಂದಿಯಿಂದ ಮಣ್ಣು ಉದುರಿ ಹೋಯಿತು.

ಆಗ ಸೊಸೆ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ನನ್ನ ಕೈಯ ಗಂಟು ಬಿಚ್ಚಿದಳು. ಐದರಲ್ಲಿ ನಡುವಿನದನ್ನು ಎಳೆದಳು. ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಎಂದಿತು. ಅಷ್ಟು ಜನರಲ್ಲಿ ಆ ಸದ್ದು ಕೇಳದವರು ಯಾರೂ ಇರಲಿಲ್ಲ.

“ಇದು ಒಣಗ್ಯದ,” ಎಂದಳು ಅತ್ತೆಗೆ. “ಇಡು.”

ಇಷ್ಟೇ. ಆ ವಿಷಯವಾಗಿ ಅವಳು ನನಗೆ ಏನನ್ನೂ ಹೇಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಅವಳನ್ನು ತವರಿಗೆ ಕಳಿಸುವ ಮಾತು ಮತ್ತೆ ಆ ಮನೆಯಲ್ಲಿ ಹುಟ್ಟಲಿಲ್ಲ. ಮುದುಕಿ ಸಾಯುವವರೆಗೂ ಸೊಸೆಯ ಕೈ ರೊಟ್ಟಿಯನ್ನೇ ತಿಂದಳು. ನನ್ನ ಮನೆಯ ಕಟ್ಟೆ ಮಾತ್ರ ಹತ್ತಲಿಲ್ಲ.

ಮರು ಬೇಸಿಗೆಯಲ್ಲಿ ತಿಪ್ಪೆ ತೋಡಿ ಹೊಲಕ್ಕೆ ಗೊಬ್ಬರ ಹೊಡೆದೆವು. ರೊಟ್ಟಿ ಗೊಬ್ಬರವಾಗಿ ಹೋಗಿತ್ತು. ಹಾಳೆ ಹೊಸದರಂತೆಯೇ ಬಂತು. ಹಸಿರು ಅಂಚು ಕೊಳೆತು ನೂಲು ನೂಲಾಗಿತ್ತು, ಆದರೂ ಗಂಟು ಬಿಚ್ಚಿರಲಿಲ್ಲ. ಒಲೆಗೆ ಹಾಕಿದೆ. ಕರಿಹೊಗೆ ಎದ್ದು ಗೋಡೆಗೆ ಹತ್ತಿತು. ಎಷ್ಟು ಸಲ ಸುಣ್ಣ ಬಳಿದರೂ ಅಲ್ಲಿ ಮಸಿ ಮೇಲೆ ಬರುತ್ತದೆ.

ಎದುರು ಮನೆಯವಳು ಕರ್ಮ ಮುಗಿಸಿಕೊಂಡೇ ಕೆಲಸಕ್ಕೆ ಬಂದಿದ್ದಳು. ಕೂಸು ಸಾಕಬೇಕಿತ್ತು, ಬರದೆ ಏನು ಮಾಡುತ್ತಾಳೆ. ಆದರೆ ಹಂಚಿನ ಹತ್ತಿರ ಕೂರಲಿಲ್ಲ. ಬುಟ್ಟಿಗಳ ಹತ್ತಿರ ಕೂತಳು. ನಡುವಿನ ರೊಟ್ಟಿ ಮುರಿಯುವುದು ಅವಳ ಕೆಲಸವಾಯಿತು. ನಾನು ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಬಾಗಿದರೆ ಅಟ್ಟಿಯನ್ನೇ ನನ್ನ ಕಡೆ ತಳ್ಳುತ್ತಿದ್ದಳು. ನಾನು ಮತ್ತೆ ಕೆಂಡಕ್ಕೆ ನಿಲ್ಲಿಸುತ್ತಿದ್ದೆ. ಟ್ರ್ಯಾಕ್ಟರ್ ಎಷ್ಟು ಒದರಿದರೂ ಅವಳು ಕಟ್ಟು ಎನ್ನುವವರೆಗೆ ಗಂಟು ಕಟ್ಟುತ್ತಿರಲಿಲ್ಲ. ಕಾಲುವೆ ಕೆಲಸ ಮುಗಿಯಿತು, ಆಮೇಲೆ ಮದುವೆಗಳಿಗೆ, ಹಾಸ್ಟೆಲಿಗೆ ಮಾಡಿದೆವು. ಒಂದು ಗಂಟೂ ಕೆಡಲಿಲ್ಲ. ಅವಳು ನನ್ನ ಮನೆಯಲ್ಲಿ ತಾನು ಮುರಿದ ರೊಟ್ಟಿ ಮಾತ್ರ ತಿನ್ನುತ್ತಿದ್ದಳು. ಇಡೀ ರೊಟ್ಟಿ ಕೊಟ್ಟರೆ ಪಕ್ಕಕ್ಕೆ ಇಡುತ್ತಿದ್ದಳು.

ಆ ಕೂಸು ದೊಡ್ಡವಳಾಗಿ, ಗುರುಮಠಕಲ್ ಕಡೆ ಮದುವೆಯಾಗಿ, ಬಾಣಂತನಕ್ಕೆ ಎಂದು ತಾಯಿಯನ್ನು ಕರೆಸಿಕೊಂಡು ಅಲ್ಲೇ ಇರಿಸಿಕೊಂಡಳು. ಎದುರು ಮನೆಯವಳು ಹೋಗುವ ದಿನ ಬಸ್ಸಿನವರೆಗೆ ನಾನೂ ಹೋದೆ. ದಾರಿಗೆಂದು ಇಪ್ಪತ್ತು ರೊಟ್ಟಿ ಮಾಡಿದ್ದೆ. ಎರಡು ಹಗಲು ಒಣಗಿಸಿ, ನಾನೇ ಮುರಿದು ನೋಡಿ, ಬಿಳಿ ಅರಿವೆಯಲ್ಲಿ ಇಟ್ಟು, ಸೀರೆಯ ಅಂಚಿನಿಂದ ಮೂರು ಸುತ್ತು ಕಟ್ಟಿ, ತುದಿ ಒಳಗೆ ಸಿಕ್ಕಿಸಿದ್ದೆ.

“ಮುರದ್ ನೋಡೀನಿ ತಂಗಿ,” ಎಂದೆ.

ಅವಳು ಹೂಂ ಎಂದು ಗಂಟು ತೆಗೆದುಕೊಂಡು ಕಲ್ಲಿನ ಮೇಲೆ ಕೂತಳು. ಬೇರೆ ಯಾರಿಗೂ ಬಿಚ್ಚಲು ಬಾರದ ಆ ಗಂಟನ್ನು ಎರಡೇ ಬೆರಳಲ್ಲಿ ಬಿಚ್ಚಿದಳು. ನಡುವಿನಿಂದ ಒಂದನ್ನು ಎಳೆದಳು. ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ “ಬರ್ರಿ ಯವ್ವಾ, ಜಲ್ದಿ ಬರ್ರಿ” ಎಂದು ಕೂಗುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಎಂದಿತು. ಎರಡೂ ತುಂಡು ಒಳಗಿಟ್ಟು, ಅರಿವೆಯ ನಾಲ್ಕು ಮೂಲೆ ಸೇರಿಸಿ ತನ್ನದೇ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು.

ನಾನು ಕಟ್ಟಿದ್ದ ಸೀರೆಯ ಅಂಚು ನೆಲದ ಮೇಲೆ ಬಿದ್ದಿತ್ತು. ಬಸ್ಸು ಹೋದ ಮೇಲೆ ಎತ್ತಿಕೊಂಡು ಮನೆಗೆ ಬಂದೆ.